ಸಹಾಯ ಮಾಡಿ ಖುಷಿಯಾದ್ರೆ ಅದೂ ಸ್ವಾರ್ಥವಾ?

ಪ್ರಶ್ನೆ: ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಮನೆ ತೊಕ್ಕೊಟ್ಟು. ಡ್ಯೂಟಿ ಮುಗಿದ್ರೂ ಯಾರೂ ಇಲ್ಲದ ಪೇಷಂಟ್‌ಗಳ ಹತ್ರ ಸ್ವಲ್ಪ ಕೂತೇ ಬರೂದು. ಉಳ್ಳಾಲದಲ್ಲಿ ಒಂದು ಮತ ಪ್ರವಚನದಲ್ಲಿ ಸೂಫಿಗಳ 'ಈಸಾರ್' ಬಗ್ಗೆ ಕೇಳಿದ್ದೆ, ತನಗಿಂತ ಮೊದಲು ಬೇರೆಯವ್ರು ಅಂತ. ಜೊತೆಯಲ್ಲಿ ಕೆಲಸ ಮಾಡುವವ್ಳು ಹೇಳ್ತಾಳೆ, ನಿಂಗೆ ಖುಷಿ ಸಿಗ್ತದೆ ಅಂತ ಮಾಡೂದು ಅಷ್ಟೇ. ಹೌದಾ ಮೇಡಂ? ಮನೆಗೆ ಬಂದ್ರೆ ಅಳು ಬರ್ತದೆ, ಊಟ ಸೇರೂದಿಲ್ಲ.

ಉತ್ತರ: ಇದು ಹಳೇ ಜಗಳ ಮಾರಾಯ್ರೇ. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತವರ ಟೀಮ್ 1981ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು, ಎಲೇನ್ ಅನ್ನೋ ಹುಡುಗಿಗೆ ಕರೆಂಟ್ ಶಾಕ್ ಕೊಡೂದನ್ನ ಸ್ಟೂಡೆಂಟ್ಸ್‌ಗೆ ಟಿವಿಯಲ್ಲಿ ತೋರ್ಸಿದ್ರು (ಶಾಕ್ ಎಲ್ಲ ಸುಳ್ಳು, ಆ್ಯಕ್ಟಿಂಗ್), ಕೆಲವರಿಗೆ ಎರಡು ಸಲ ನೋಡಿ ಎದ್ದು ಹೋಗ್ಬಹುದು ಅಂದ್ರು, ಉಳಿದವ್ರಿಗೆ ಹತ್ತೂ ನೋಡ್ಬೇಕು ಅಂದ್ರು, ಆಮೇಲೆ ಅವಳ ಬದಲು ನೀವು ಕೂರ್ತೀರಾ ಅಂತ ಕೇಳಿದ್ರು. ಅವಳ ಮೇಲೆ ಕನಿಕರ ಹುಟ್ಟಿದವ್ರು, ಎದ್ದು ಹೋಗ್ಲಿಕ್ಕೆ ಅವಕಾಶ ಇದ್ರೂ ಹೆಚ್ಚಿನವ್ರು ಕೂರ್ತೇವೆ ಅಂದ್ರು. ಬರೀ ತನ್ನ ಸಂಕಟ ಕಳ್ಕೊಳ್ಳೋದೇ ಉದ್ದೇಶ ಆಗಿದ್ರೆ ಎದ್ದು ಹೋದ್ರೆ ಸಾಕಿತ್ತಲ್ಲ! ರಾಬರ್ಟ್ ಚಾಲ್ಡೀನಿ ಅಂಥ ಬೇರೆ ಮನಃಶಾಸ್ತ್ರಜ್ಞರು ಇದನ್ನ ಒಪ್ಲಿಲ್ಲ, ಚರ್ಚೆ ಈಗ್ಲೂ ಉಂಟು, ನಾನಂತೂ ಬ್ಯಾಟ್ಸನ್ ಕಡೆ. ಕೆಲಸ ಮಾಡಿದ್ಮೇಲೆ ಖುಷಿ ಬಂತು ಅಂದ ಮಾತ್ರಕ್ಕೆ ಖುಷಿಗೋಸ್ಕರ ಮಾಡಿದ್ದು ಅಂತ ಆಗೂದಿಲ್ಲ.

ಈಸಾರ್‌ಗೆ ಮೂಲ ಕುರ್‌ಆನ್‌ನ 59ನೇ ಅಧ್ಯಾಯದ 9ನೇ ವಚನ, ತಮಗೇ ಇಲ್ಲದಿದ್ರೂ ವಲಸೆ ಬಂದವ್ರಿಗೆ ಮೊದಲು ಕೊಟ್ಟ ಮದೀನಾದವರ ಬಗ್ಗೆ. ಸೂಫಿಗಳು ಇದಕ್ಕೆ ಹೇಳೋ ಕಥೆ ಬಗ್ದಾದಿನ ಅಬುಲ್ ಹುಸೇನ್ ನೂರಿಯದ್ದು. ಸುಳ್ಳು ಆರೋಪದ ಮೇಲೆ ಸೂಫಿಗಳ ತಲೆ ಕಡೀಲಿಕ್ಕೆ ನಿಲ್ಲಿಸಿದಾಗ ನೂರಿ ತಾನೇ ಮುಂದೆ ಹೋಗಿ ನನ್ನನ್ನು ಮೊದಲು ಕಡಿ ಅಂದ್ರಂತೆ, ಎಂತಕ್ಕೆ ಅಂತ ಕೇಳಿದ್ರೆ ಜೊತೆಯವ್ರಿಗೆ ಇನ್ನೊಂದೆರಡು ಕ್ಷಣ ಹೆಚ್ಚು ಸಿಗ್ಲಿ ಅಂತ. ಕಡೆಗೆ ಖಲೀಫ ಎಲ್ಲರನ್ನೂ ಬಿಟ್ಟ. ಈ ಕಥೆಯಲ್ಲಿ ನೂರಿ ಅಳ್ತಾ ಕೂರೂದಿಲ್ಲ ನೋಡಿ, ಎದುರಿನವ್ರಿಗೆ ಈಗ ಎಂತ ಬೇಕು ಅನ್ನೂದಷ್ಟೇ ಅವರ ತಲೆಯಲ್ಲಿ.

ನಿಮ್ಮ ಅಳುವಿಗೂ ಇದಕ್ಕೂ ಸಂಬಂಧ ಉಂಟು. ಪೇಷಂಟ್ ಜಾಗದಲ್ಲಿ ನಾನಿದ್ರೆ ಅಂತ ಯೋಚಿಸಿದ್ರೆ ನಮಗೇ ಸಂಕಟ ಜಾಸ್ತಿ, ಅವ್ರಿಗೆ ಹೇಗೆ ಅನಿಸ್ತಿದೆ ಅಂತ ಯೋಚಿಸಿದ್ರೆ ಕನಿಕರ ಮಾತ್ರ ಉಳೀತದೆ, ಇದೂ ಬ್ಯಾಟ್ಸನ್ ಟೀಮ್ 1997ರಲ್ಲಿ ತೋರ್ಸಿದ್ದೇ. ಹಾಸಿಗೆ ಪಕ್ಕ ಕೂತಾಗ ಅವ್ರನ್ನೇ ಕೇಳಿ, ನೀರು ಬೇಕಾ, ಮನೆಗೆ ಫೋನ್ ಮಾಡ್ಬೇಕಾ ಅಂತ. ಊಟ ಬಿಡೂದು ಈಸಾರ್ ಅಲ್ಲ, ನಿಮ್ಮ ಊಟ ಬಿಟ್ಟದ್ರಿಂದ ಯಾವ ಪೇಷಂಟ್‌ಗೂ ಎಂತದ್ದೂ ಸಿಕ್ಕಿಲ್ಲ. ಎರಡು ವಾರ ಆದ್ರೂ ಹೀಗೇ ಇದ್ರೆ ಕೌನ್ಸೆಲರ್ ಹತ್ರ ಹೋಗಿ, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕಾಲ್ ಮಾಡಿ, ದುಡ್ಡೇನಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.