ಓದುಗರ ಪ್ರಶ್ನೆ: ದೂರದ ಊರಿಗೆ ಹೂವು, ಗಿಡ ಕಳಿಸುವಾಗ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿದ್ದವು: ತಾವು ಹೋಗಲಾಗದ ಚಿಕ್ಕ ಊರಿನಲ್ಲಿರುವ ಆತ್ಮೀಯರಿಗೆ, ಅಲ್ಲಿನ ಹೂವಿನ ಅಂಗಡಿಯ ಮೂಲಕ ಹೂವನ್ನೋ ಕುಂಡದ ಗಿಡವನ್ನೋ ತಲುಪಿಸುವುದು ಹೇಗೆ? ಅವುಗಳಲ್ಲಿ ಐದು ಪತ್ರಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ ಪಾಠ ಹೇಳಿದ ಗುರುಗಳೊಬ್ಬರು ನಿವೃತ್ತರಾಗಿ ದೂರದ ಸಣ್ಣ ಪಟ್ಟಣದಲ್ಲಿ ನೆಲೆಸಿದ್ದಾರೆ. ಕಳೆದ ವರ್ಷ ಅವರ ಹುಟ್ಟುಹಬ್ಬಕ್ಕೆ ಜಾಲತಾಣವೊಂದರಲ್ಲಿ ಚಿತ್ರ ನೋಡಿ ಹೂಗುಚ್ಛ ಕಳಿಸಿದ್ದೆ. ಅವರಿಗೆ ತಲುಪಿದ್ದು ಚಿತ್ರದಲ್ಲಿದ್ದುದರ ಅರ್ಧದಷ್ಟೂ ಇರಲಿಲ್ಲ; ಮಾರನೆಯ ದಿನವೇ ಗುಲಾಬಿಗಳು ಕತ್ತು ಬಾಗಿಸಿದವಂತೆ. ಈ ಸಲ ಆ ಊರಿನ ಅಂಗಡಿಗೇ ನೇರವಾಗಿ ಹೇಳಬಹುದೆ? ಏನೇನು ಹೇಳಬೇಕು?

ಉತ್ತರ: ನೇರವಾಗಿ ಹೇಳುವುದೇ ಒಳ್ಳೆಯದು. ಆದರೆ ಕಳೆದ ವರ್ಷ ಹಾಗೇಕಾಯಿತು ಎಂಬುದು ತಿಳಿದಿದ್ದರೆ ಈ ಸಲದ ಮಾತುಕತೆ ಸುಲಭವಾಗುತ್ತದೆ. ಒಂದು ಊರಿನಲ್ಲಿ ಹಣ ಪಡೆದು ಇನ್ನೊಂದು ಊರಿನ ಅಂಗಡಿಯಿಂದ ಹೂವು ಕೊಡಿಸುವ ಏರ್ಪಾಡಿಗೆ ನೂರು ವರ್ಷ ದಾಟಿದೆ. 1908ರಲ್ಲಿ ಬರ್ಲಿನ್ನಿನ ಹೂ ವ್ಯಾಪಾರಿ ಮ್ಯಾಕ್ಸ್ ಹ್ಯೂಬ್ನರ್ ಇಂಥದೊಂದು ಒಕ್ಕೂಟವನ್ನು ಕಟ್ಟಿದರು; 1910ರಲ್ಲಿ ಅಮೆರಿಕದ 15 ಮಂದಿ ವ್ಯಾಪಾರಿಗಳು ತಂತಿಯ ಮೂಲಕ ಒಬ್ಬರಿಗೊಬ್ಬರು ಆರ್ಡರ್ ರವಾನಿಸಲು ಒಟ್ಟುಗೂಡಿದರು. ದಾರಿಯಲ್ಲಿ ಬಾಡಿಹೋಗುವ ಹೂವನ್ನು ಸಾಗಿಸುವ ಬದಲು ಸುದ್ದಿಯನ್ನಷ್ಟೇ ಸಾಗಿಸಿ, ಹೂವನ್ನು ಅಲ್ಲಿಯೇ ಕಟ್ಟಿಸುವ ಆಲೋಚನೆ ನಿಜಕ್ಕೂ ಜಾಣತನದ್ದು, ಇಂದಿಗೂ ಅದನ್ನು ಮೀರಿದ ದಾರಿ ಇನ್ನೊಂದಿಲ್ಲ. ತೊಡಕಿರುವುದು ಹಣದ ಹಂಚಿಕೆಯಲ್ಲಿ. ಆರ್ಡರ್ ಪಡೆದವರು ತಮ್ಮ ಪಾಲನ್ನು, ಸಾಮಾನ್ಯವಾಗಿ ಐದರಲ್ಲೊಂದು ಭಾಗದಷ್ಟನ್ನು, ಮುರಿದುಕೊಳ್ಳುತ್ತಾರೆ. ನಡುವಿನ ಜಾಲದ ಶುಲ್ಕವೂ ಕಳೆಯುತ್ತದೆ. ಉಳಿದುದಷ್ಟೇ ಹೂವು ಕಟ್ಟುವವರ ಕೈ ಸೇರುತ್ತದೆ. ಆ ಹಣಕ್ಕೆ, ಎಲ್ಲೋ ತೆಗೆದ ಚಿತ್ರಕ್ಕೆ ಹೊಂದುವಂತೆ, ತನ್ನ ಬಳಿ ಇಲ್ಲದ ಬಣ್ಣದ ಹೂವನ್ನು ಚಿಕ್ಕ ಊರಿನ ಅಂಗಡಿಯವರು ಎಲ್ಲಿಂದ ತರಬೇಕು? ನಿಮ್ಮ ಗುರುಗಳಿಗೆ ತಲುಪಿದ ಗುಚ್ಛ ಬಡವಾಗಿದ್ದುದಕ್ಕೆ ಕಟ್ಟಿದವರನ್ನೇ ದೂರುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ.

ನೇರವಾಗಿ ಕರೆ ಮಾಡುವ ಮೊದಲು ಅಂಗಡಿ ನಿಜವಾಗಿ ಆ ಊರಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಊರಿನ ಹೆಸರನ್ನು ಹಾಕಿಕೊಂಡು, ಕರೆಯನ್ನು ಮಾತ್ರ ಬೇರೆಲ್ಲೋ ಕುಳಿತು ಸ್ವೀಕರಿಸುವ ಮಧ್ಯವರ್ತಿಗಳೂ ಇದ್ದಾರೆ. ಇದಕ್ಕೆ ಸರಳವಾದ ಪರೀಕ್ಷೆಯೊಂದಿದೆ: ಹೂವು ತಲುಪಬೇಕಾದ ಬೀದಿಯ ಹೆಸರು ಹೇಳಿ, ನಿಮ್ಮ ಅಂಗಡಿಯಿಂದ ಅಲ್ಲಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿ. ಅಲ್ಲಿಯವರಾದರೆ ತಿರುವು, ಗುರುತುಗಳ ಸಮೇತ ಆಗಲೇ ಹೇಳುತ್ತಾರೆ, ಕೆಲವೊಮ್ಮೆ ಮನೆಯವರ ಪರಿಚಯವೂ ಅವರಿಗಿರುತ್ತದೆ.

ಆಮೇಲೆ ಚಿತ್ರ ತೋರಿಸಿ ಇದೇ ಬೇಕೆನ್ನಬೇಡಿ. ಹೂವು ಯಾರಿಗೆ, ಯಾವ ಸಂದರ್ಭಕ್ಕೆ, ಅವರಿಗೆ ಯಾವ ಬಣ್ಣ ಇಷ್ಟ, ಘಾಟು ಪರಿಮಳ ಸಹಿಸುತ್ತಾರೆಯೆ, ತಲುಪಿಸುವ ಖರ್ಚೂ ಸೇರಿ ನಿಮ್ಮ ಮಿತಿ ಎಷ್ಟು ಎಂಬುದನ್ನು ತಿಳಿಸಿ, ಆ ದಿನ ನಿಮ್ಮಲ್ಲಿ ತಾಜಾ ಇರುವುದರಲ್ಲಿ ಕಟ್ಟಿಕೊಡಿ ಎನ್ನಿ. ಇದೊಂದು ಮಾತು ಗುಚ್ಛದ ಸ್ವರೂಪವನ್ನೇ ಬದಲಿಸುತ್ತದೆ. ಸಣ್ಣ ಊರಿನ ಅಂಗಡಿಗಳಿಗೆ ಸಾಮಾನ್ಯವಾಗಿ ದಿನವೂ ಸರಕು ಬರುವುದಿಲ್ಲ. ಹೊಸ ಹೂವು ಬರುವ ದಿನ ಯಾವುದೆಂದು ಕೇಳಿ, ನಿಮಗೆ ಬೇಕಾದ ದಿನ ಅದಕ್ಕೆ ಹತ್ತಿರವಿಲ್ಲದಿದ್ದರೆ ಗುಲಾಬಿಯ ಹಟ ಬಿಟ್ಟು ಸೇವಂತಿಗೆಯನ್ನೋ ಕಾರ್ನೇಷನ್ ಹೂವನ್ನೋ ಒಪ್ಪಿಕೊಳ್ಳಿ. ಆರೈಕೆಯಿದ್ದರೆ ಇವೆರಡೂ ಹೂದಾನಿಯಲ್ಲಿ ಎರಡು ವಾರ ನಿಲ್ಲುತ್ತವೆ. ಗುಲಾಬಿ ಒಂದು ವಾರ ಚೆನ್ನಾಗಿದ್ದರೆ ಅದೇ ಹೆಚ್ಚು.

ಗುಲಾಬಿಯೇ ಬೇಕೆಂದಿದ್ದರೆ, ಹಸಿರು ತೊಟ್ಟಿಗೆ ತುಸು ಮೇಲೆ ಮೊಗ್ಗನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುವಂತೆ ಅಂಗಡಿಯವರನ್ನೇ ಕೇಳಿಕೊಳ್ಳಿ. ಗಟ್ಟಿಯಾಗಿದ್ದರೆ ಹೊಸದು, ಮೆತ್ತಗಿದ್ದರೆ ಹಳೆಯದು. ಹೊರಗಿನ ಒಂದೆರಡು ದಳಗಳು ಹಸಿರು ಗೀರು ಬಿದ್ದು, ಅಂಚು ಕಂದಿ, ಒರಟಾಗಿ ಕಂಡರೆ ಗುರುಗಳು ಬೇಸರಪಡಬೇಕಿಲ್ಲ. ಅವು ಒಳಗಿನ ಹೂವನ್ನು ದಾರಿಯಲ್ಲಿ ಕಾಯುವ ಹೊರದಳಗಳು. ಬಲ್ಲ ಅಂಗಡಿಯವರು ಬೇಕೆಂದೇ ಅವನ್ನು ಉಳಿಸಿರುತ್ತಾರೆ, ಮನೆಗೆ ಬಂದ ಮೇಲೆ ಬುಡದಿಂದ ಬಿಡಿಸಿ ತೆಗೆದರಾಯಿತು. ಇನ್ನು ಕತ್ತು ಬಾಗಿದ ಸಂಗತಿ: ಕಡ್ಡಿಯೊಳಗೆ ಗಾಳಿಯೋ ಬ್ಯಾಕ್ಟೀರಿಯಾವೋ ಸೇರಿ ನೀರಿನ ದಾರಿ ಕಟ್ಟಿಕೊಂಡಾಗ ಹಾಗಾಗುತ್ತದೆ. ಬಾಗಿದ ಕೂಡಲೇ ಕಡ್ಡಿಯ ತುದಿಯನ್ನು ನೀರಿನೊಳಗೇ ಹಿಡಿದು 2 ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ಹೂವನ್ನು ಕಾಗದದಲ್ಲಿ ನೆಟ್ಟಗೆ ಸುತ್ತಿ ಕೆಲವು ಗಂಟೆ ಆಳವಾದ ನೀರಿನಲ್ಲಿ ನಿಲ್ಲಿಸಿದರೆ ಹಲವು ಹೂಗಳು ಮತ್ತೆ ತಲೆಯೆತ್ತುತ್ತವೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಗೆ ಒಳಗಾದ ನನ್ನ ಸೋದರತ್ತೆ ಇನ್ನೆರಡು ದಿನದಲ್ಲಿ ಮನೆಗೆ ಮರಳುತ್ತಾರೆ. ಒಬ್ಬರೇ ಇರುತ್ತಾರೆ, ಜೊತೆಗೊಂದು ಬೆಕ್ಕು. ಹೂವಿಗಿಂತ ಗಿಡ ಕಳಿಸುವುದು ಮೇಲಲ್ಲವೆ? ಆಸ್ಪತ್ರೆಗೇ ಕಳಿಸಬಹುದೆ?

ಉತ್ತರ: ಆಸ್ಪತ್ರೆಗೆ ಬೇಡ, ಮನೆಗೆ ಬಂದ ಮೇಲೆ ಕಳಿಸಿ. ತೀವ್ರ ನಿಗಾ ಘಟಕಗಳಲ್ಲಿ ಸಾಮಾನ್ಯವಾಗಿ ಹೂವನ್ನು ಒಳಗೆ ಬಿಡುವುದಿಲ್ಲ. ಕುಂಡದ ಮಣ್ಣಿನಲ್ಲಿ ಶಿಲೀಂಧ್ರಗಳಿರುವುದರಿಂದ ರೋಗನಿರೋಧಕ ಶಕ್ತಿ ಕುಗ್ಗಿದವರ ಬಳಿ ಗಿಡ ಇಡುವುದು ಇನ್ನೂ ಅಪಾಯ. ಅತ್ತೆಯವರ ಚಿಕಿತ್ಸೆ ಅಂಥದ್ದಾಗಿದ್ದರೆ ಮನೆಗೆ ಕಳಿಸುವ ಮೊದಲೂ ವೈದ್ಯರನ್ನು ಕೇಳಿಕೊಳ್ಳಿ.

ಬೆಕ್ಕಿನ ವಿಷಯವನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಬೆಕ್ಕಿರುವ ಮನೆಗೆ ಲಿಲ್ಲಿ ಹೂವು ಖಂಡಿತ ಹೋಗಬಾರದು. ಲಿಲ್ಲಿಯ ಎಲೆ, ದಳ, ಪರಾಗ, ಕೊನೆಗೆ ಅದನ್ನಿಟ್ಟ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡಬಲ್ಲದು. ಮೈಗೆ ಅಂಟಿದ ಪರಾಗವನ್ನು ಬೆಕ್ಕು ನೆಕ್ಕಿಕೊಂಡರೂ ಸಾಕು. ಆರ್ಡರ್ ಕೊಡುವಾಗ ಮೊದಲ ಮಾತೇ ಇದಾಗಿರಲಿ, ಏಕೆಂದರೆ ಸಿದ್ಧ ಗುಚ್ಛಗಳಲ್ಲಿ ಲಿಲ್ಲಿ ಬಹಳ ಸಾಮಾನ್ಯ, ಕೇಳದ ಹೊರತು ಯಾರೂ ಬೆಕ್ಕಿನ ಬಗ್ಗೆ ಯೋಚಿಸುವುದಿಲ್ಲ. ಪೀಸ್ ಲಿಲ್ಲಿ ಎಂಬ ಕುಂಡದ ಗಿಡ ಹೆಸರಿಗೆ ಲಿಲ್ಲಿಯಾದರೂ ಬೇರೆ ಕುಲದ್ದು. ಅದು ಮೂತ್ರಪಿಂಡಕ್ಕೆ ಹಾಗೆ ಕುತ್ತು ತರುವುದಿಲ್ಲ, ಆದರೆ ಅದರ ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಬಾಯಿಯನ್ನು ಸುಡುವುದರಿಂದ ಅದೂ ಬೇಡ. ಕಲಂಚೋ ಗಿಡವೂ ಬೆಕ್ಕಿಗೆ ವಿಷವೇ.

ಗಿಡ ಮೇಲೋ ಹೂವು ಮೇಲೋ ಎಂಬುದು ಪಡೆಯುವವರ ಕೈಲಾಗುವುದನ್ನು ನೋಡಿ ನಿರ್ಧರಿಸಬೇಕಾದ ಮಾತು. ಬಾಡದೆ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಗಿಡ ಕಳಿಸಿದರೆ, ಬಗ್ಗಲಾಗದ, ಭಾರ ಎತ್ತಲಾಗದ ದಿನಗಳಲ್ಲಿ ಅವರ ಮೇಲೆ ಇನ್ನೊಂದು ಹೊಣೆ ಹೊರಿಸಿದಂತಾಗುತ್ತದೆ. ಅತ್ತೆಯವರಿಗೆ ನಾನಾದರೆ ಚಿಕ್ಕ ಕುಂಡದ ಫೆಲನಾಪ್ಸಿಸ್ ಆರ್ಕಿಡ್ ಆರಿಸುತ್ತೇನೆ. ಬೆಕ್ಕಿಗೆ ಅದು ವಿಷವಲ್ಲ, ಒಮ್ಮೆ ಅರಳಿದ ಹೂವು ಎರಡು ಮೂರು ತಿಂಗಳು ನಿಲ್ಲುತ್ತದೆ, ವಾರಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಎಲ್ಲ ಮೊಗ್ಗೂ ಅರಳಿದ ಗಿಡಕ್ಕಿಂತ, ಕೆಳಗಿನ ಮೂರು ನಾಲ್ಕು ಅರಳಿ ತುದಿಯಲ್ಲಿ ಮೊಗ್ಗುಳಿದಿರುವ ಗಿಡವನ್ನು ಕೇಳಿ. ಹಾಸಿಗೆಯಲ್ಲಿ ಕುಳಿತವರಿಗೆ ದಿನಬೆಳಗಾದರೆ ಇನ್ನೊಂದು ಮೊಗ್ಗು ಎಷ್ಟು ಬಿರಿದಿದೆ ಎಂದು ನೋಡುವುದೇ ಒಂದು ಆಸರೆ. ಆರ್ಕಿಡ್ ಸಿಗದಿದ್ದರೆ ಆಫ್ರಿಕನ್ ವಯೊಲೆಟ್ ಅಥವಾ ಸ್ಪೈಡರ್ ಪ್ಲಾಂಟ್ ಆಗಬಹುದು.

ಪ್ರಶ್ನೆ: ಉಡುಗೊರೆಯಾಗಿ ಬಂದ ಗಿಡದ ಎಲೆಗಳು ವಾರದೊಳಗೆ ಹಳದಿಯಾಗಿ ಉದುರುತ್ತಿವೆ. ದಿನವೂ ನೀರು ಹಾಕುತ್ತಿದ್ದೇನೆ. ಅಂಗಡಿಯವರು ಹಳೆಯ ಗಿಡ ಕೊಟ್ಟಿರಬಹುದೆ?

ಉತ್ತರ: ಅಂಗಡಿಗೆ ದೂರು ಕೊಡುವ ಮೊದಲು ಕುಂಡವನ್ನು ಮೇಲೆತ್ತಿ ನೋಡಿ. ಉಡುಗೊರೆಯ ಗಿಡಗಳ ಕುಂಡಕ್ಕೆ ಹೊಳೆಯುವ ಹಾಳೆ ಸುತ್ತಿ ರಿಬ್ಬನ್ ಕಟ್ಟಿರುತ್ತಾರೆ. ನೋಡಲು ಚೆನ್ನ, ಆದರೆ ತಳದ ತೂತಿನಿಂದ ಇಳಿದ ನೀರು ಹೊರಹೋಗದೆ ಆ ಹಾಳೆಯೊಳಗೇ ನಿಲ್ಲುತ್ತದೆ. ಬಿಚ್ಚಿದಾಗ ಒಂದು ಬೆರಳಿನಷ್ಟು ಕಂದು ನೀರು, ಕೊಳೆತ ವಾಸನೆ, ಕುಂಡದ ತಳದಲ್ಲಿ ಮುಟ್ಟಿದರೆ ಜಾರುವ ಬೇರು ಕಂಡರೆ ಕಾರಣ ಸಿಕ್ಕಿದಂತೆಯೇ: ಗಿಡಕ್ಕೆ ಬಾಯಾರಿಕೆಯಲ್ಲ, ಬೇರಿಗೆ ಉಸಿರುಕಟ್ಟಿದೆ. ಹಾಳೆ ತೆಗೆದು, ನೀರು ಬಸಿದು, ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತೋರುವವರೆಗೆ ನೀರು ನಿಲ್ಲಿಸಿ. ಹಾಗೇನೂ ಇಲ್ಲದೆ ಎಲೆ ಉದುರುತ್ತಿದ್ದರೆ ಅದು ಸ್ಥಳ ಬದಲಾದುದರ ಆಯಾಸವಿರಬಹುದು. ಕತ್ತಲಿನ ಡಬ್ಬಿಯಲ್ಲಿ ಪ್ರಯಾಣ ಮಾಡಿ ಬಂದ ಗಿಡ ಹೊಸ ಬೆಳಕಿಗೆ ಹೊಂದಿಕೊಳ್ಳುವಾಗ ಹಳೆಯ ಎಲೆಗಳನ್ನು ಬಿಡುವುದುಂಟು. ಫೈಕಸ್ ಜಾತಿಯವಂತೂ ಕೋಣೆ ಬದಲಿಸಿದರೂ ಎಲೆ ಚೆಲ್ಲುತ್ತವೆ. ಬಂದ ಕೂಡಲೇ ದೊಡ್ಡ ಕುಂಡಕ್ಕೆ ಬದಲಿಸುವುದು, ಗೊಬ್ಬರ ಹಾಕುವುದು ಎರಡೂ ಬೇಡ.

ಪ್ರಶ್ನೆ: ಬಾಲ್ಯದ ಗೆಳತಿಯ ತಾಯಿ ತೀರಿಕೊಂಡ ಸುದ್ದಿ ನನಗೆ ಮೂರು ವಾರ ತಡವಾಗಿ ತಿಳಿಯಿತು. ಈಗ ಹೂವು ಕಳಿಸಿದರೆ ಗಾಯ ಕೆದಕಿದಂತಾಗುವುದೆ?

ಉತ್ತರ: ಖಂಡಿತ ಇಲ್ಲ, ದಯವಿಟ್ಟು ಕಳಿಸಿ. ಮೊದಲ ದಿನಗಳಲ್ಲಿ ಆ ಮನೆ ತುಂಬ ಜನರಿರುತ್ತಾರೆ. ಮೂರನೆಯ ವಾರದ ಹೊತ್ತಿಗೆ ಬಂದವರೆಲ್ಲ ಹೋಗಿರುತ್ತಾರೆ, ಕರೆಗಳೂ ನಿಂತಿರುತ್ತವೆ. ನಿಮ್ಮ ಹೂವು ಹೋಗಬೇಕಾದದ್ದು ಆ ಮೌನದೊಳಗೆ. ದೊಡ್ಡ ಗುಚ್ಛ ಬೇಡ, ತನ್ನದೇ ಪಾತ್ರೆಯಲ್ಲಿ ಜೋಡಿಸಿದ ಚಿಕ್ಕದೊಂದನ್ನು ಹೇಳಿ, ಹೂದಾನಿ ಹುಡುಕುವ ಕೆಲಸವೂ ಅವರಿಗೆ ಬರದಿರಲಿ. ಆ ಮನೆಯ ರೂಢಿಗೆ ಯಾವ ಹೂವು, ಯಾವ ಬಣ್ಣ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಊರಿನ ಅಂಗಡಿಯವರು ನಿಮಗಿಂತ ಚೆನ್ನಾಗಿ ಬಲ್ಲರು, ಸಂಕೋಚವಿಲ್ಲದೆ ಕೇಳಿ. ಕಾರ್ಡಿನಲ್ಲಿ ತಡವಾದುದಕ್ಕೆ ಉದ್ದನೆಯ ಕ್ಷಮೆ ಬೇಡ. ಗೆಳತಿಯ ತಾಯಿಯ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿಯನ್ನು, ಅವರು ನಿಮ್ಮನ್ನು ಕರೆಯುತ್ತಿದ್ದ ರೀತಿಯೋ ಬಾಗಿಲಲ್ಲಿ ನಿಂತು ಬೀಳ್ಕೊಡುತ್ತಿದ್ದುದೋ, ಎರಡು ವಾಕ್ಯದಲ್ಲಿ ಬರೆಯಿಸಿ. ಬರೆಯಿಸಿದ ಮೇಲೆ ಅಂಗಡಿಯವರಿಂದ ಒಮ್ಮೆ ಓದಿಸಿ ಕೇಳಿ. ಫೋನಿನಲ್ಲಿ ಹೇಳಿದ ಹೆಸರುಗಳು ಕಾರ್ಡಿನ ಮೇಲೆ ತಪ್ಪಾಗಿ ಮೂಡುವುದು ಬಹಳ ಸಾಮಾನ್ಯ, ತೀರಿಕೊಂಡವರ ಹೆಸರೇ ತಪ್ಪಿದರೆ ಅದರಷ್ಟು ನೋವು ಇನ್ನೊಂದಿಲ್ಲ.

ಪ್ರಶ್ನೆ: ಹೂದಾನಿಯ ನೀರಿಗೆ ಸಕ್ಕರೆ ಹಾಕಿದರೆ ಹೂವು ಹೆಚ್ಚು ದಿನ ಬಾಳುತ್ತದೆ ಎನ್ನುತ್ತಾರೆ. ನಿಜವೆ?

ಉತ್ತರ: ಅರ್ಧ ನಿಜ. ಗುಚ್ಛದ ಜೊತೆ ಬರುವ ಪುಟ್ಟ ಪೊಟ್ಟಣದಲ್ಲಿ ಸಕ್ಕರೆಯೂ ಇರುತ್ತದೆ, ಆದರೆ ಅದರೊಂದಿಗೆ ನೀರನ್ನು ಹುಳಿಯಾಗಿಸುವ ಆಮ್ಲ ಮತ್ತು ಬ್ಯಾಕ್ಟೀರಿಯಾವನ್ನು ತಡೆಯುವ ವಸ್ತುವೂ ಇರುತ್ತವೆ. ಬರಿಯ ಸಕ್ಕರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೆ ಆಹಾರವಾಗುತ್ತದೆ. ಪೊಟ್ಟಣವಿಲ್ಲದಿದ್ದರೆ ಶುದ್ಧ ನೀರೇ ಮೇಲು: ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಪ್ರತಿ ಸಲವೂ ಕಡ್ಡಿಯ ತುದಿಯನ್ನು ತುಸು ಕತ್ತರಿಸಿ. ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಹೂದಾನಿ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ದಳಗಳು ಒಳಮುಖವಾಗಿ ಮುದುಡಿಕೊಳ್ಳುತ್ತವೆ, ಹಾಗೆ ಮುದುಡಿದ ಹೂವು ಮತ್ತೆ ಅರಳುವುದಿಲ್ಲ.