ಜಿಲ್ಲಾ ಕಾಲೇಜಿನಿಂದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮಧ್ಯ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಯುವಕರೊಬ್ಬರು ತಂದೆಯೊಂದಿಗೆ ಸಲಹೆಗೆ ಬಂದಿದ್ದರು. ತಂದೆ ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆಗಬೇಕೆಂಬುದು ಮಗನ ಹಂಬಲ. ಬೆಂಗಳೂರಿನ ತರಬೇತಿ ಸಂಸ್ಥೆಯೊಂದು ಕೆಲವೇ ತಿಂಗಳ ಕೋರ್ಸ್ ಮುಗಿಸಿದರೆ ಕೆಲಸ ಖಚಿತವೆಂದು ಹೇಳಿದ್ದರಿಂದ, ಶುಲ್ಕಕ್ಕಾಗಿ ತಾಯಿಯ ಒಡವೆ ಅಡವಿಡುವ ಮಾತು ಮನೆಯಲ್ಲಿ ನಡೆದಿತ್ತು. ಈ ನಡುವೆ ದೊಡ್ಡ ಬ್ಯಾಂಕುಗಳಿಗೆ ಹಾಕಿದ ಆನ್‌ಲೈನ್ ಅರ್ಜಿಗಳಿಗೆ ಉತ್ತರವೇ ಬಾರದೆ, “ನಮ್ಮ ಕಾಲೇಜಿನ ಹೆಸರು ನೋಡಿದ ಕೂಡಲೇ ಪಕ್ಕಕ್ಕೆ ಇಡ್ತಾರೆ ಸರ್” ಎಂಬ ತೀರ್ಮಾನಕ್ಕೆ ಯುವಕರು ಬಂದಿದ್ದರು. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರನ್ನೇ ತೆಗೆದುಹಾಕಿದ್ದರು.

ಈ ತೀರ್ಮಾನ ಪೂರ್ತಿ ತಪ್ಪೆಂದು ಹೇಳಿ ಸಮಾಧಾನಪಡಿಸುವುದು ನನಗೆ ಸರಿಕಾಣಲಿಲ್ಲ. ಇನ್ವೆಸ್ಟ್‌ಮೆಂಟ್ ಬ್ಯಾಂಕುಗಳಲ್ಲಿ ಕಂಪನಿಗಳ ವಿಲೀನ, ಸ್ವಾಧೀನ, ಐಪಿಒ (ಕಂಪನಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ಮಾರುವುದು) ಮುಂತಾದ ವ್ಯವಹಾರಗಳನ್ನು ಕುದುರಿಸುವ ತಂಡಗಳು ನಮ್ಮ ದೇಶದಲ್ಲಿ ಬಹುಪಾಲು ಮುಂಬೈಯಲ್ಲಿವೆ. ಗಾತ್ರದಲ್ಲಿ ಚಿಕ್ಕವಾದ ಆ ತಂಡಗಳು ಹೊಸಬರನ್ನು ಹೆಚ್ಚಾಗಿ ಕೆಲವೇ ಐಐಎಂಗಳಿಂದ, ಅಂಥ ಇತರ ಸಂಸ್ಥೆಗಳಿಂದ ಮತ್ತು ಚಾರ್ಟರ್ಡ್ ಅಕೌಂಟೆಂಟ್‌ಗಳ ನಡುವಿನಿಂದ ಆರಿಸಿಕೊಳ್ಳುತ್ತವೆ. ಬರಿಯ ಬಿ.ಕಾಂ. ಪದವಿಯ ಮೇಲೆ, ಜಿಲ್ಲಾ ಕಾಲೇಜಿನಿಂದ ನೇರವಾಗಿ ಅಲ್ಲಿಗೆ ಹೋಗುವ ದಾರಿ ಮುಚ್ಚಿದೆಯೆಂದೇ ಲೆಕ್ಕ ಹಾಕುವುದು ಒಳ್ಳೆಯದೆಂದು ಅವರಿಗೆ ತಿಳಿಸಿದೆ. ಮಗನ ಮುಖ ಇಳಿದುಹೋಯಿತು. ತಂದೆ ಮಾತ್ರ, ಯಾರೋ ಒಬ್ಬರಾದರೂ ನೇರವಾಗಿ ಹೇಳಿದರಲ್ಲ ಎಂಬಂತೆ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು.

ತರಬೇತಿ ಸಂಸ್ಥೆಯ ಕರಪತ್ರವನ್ನು ಮೂವರೂ ಕೂತು ಓದಿದೆವು. ಅದರಲ್ಲಿ ದೊಡ್ಡ ಅಕ್ಷರದ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್’ ಪಕ್ಕದಲ್ಲಿ ಸಣ್ಣದಾಗಿ ‘ಆಪರೇಷನ್ಸ್’, ಅಂದರೆ ವ್ಯವಹಾರದ ಹಿಂದಿನ ಕಚೇರಿ ಕೆಲಸ, ಎಂದಿತ್ತು. ಅಮೆರಿಕದ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಇಂಥ ಬ್ಯಾಂಕುಗಳ ಕಚೇರಿಗಳಲ್ಲಿ ಸಾವಿರಾರು ಜನರಿಗೆ ಕೆಲಸ ಸಿಕ್ಕಿದೆ. ಆದರೆ ಅದರ ದೊಡ್ಡ ಪಾಲು ತಂತ್ರಜ್ಞಾನಕ್ಕೆ, ಷೇರು ವಹಿವಾಟಿನ ಸೆಟಲ್‌ಮೆಂಟ್‌ಗೆ (ಹಣ, ಷೇರುಗಳ ಹಸ್ತಾಂತರ ಮುಗಿಸುವುದು), ಲೆಕ್ಕ ತಾಳೆ ನೋಡುವುದಕ್ಕೆ, ಗ್ರಾಹಕರ ಕೆವೈಸಿ ಪರಿಶೀಲನೆಗೆ ಸಂಬಂಧಿಸಿದ್ದು. ಅದು ಗೌರವದ, ಸಂಬಳ ಬರುವ ಕೆಲಸ, ಬೇಕೆಂದವರು ಸೇರಬಹುದು. ಆದರೆ ಅಲ್ಲಿ ಸೇರಿ ಮುಂದೆ ಮುಂಬೈಯ ವ್ಯವಹಾರ ತಂಡಕ್ಕೆ ದಾಟುವುದು ಅಪರೂಪ. ಆ ದಾಟುವಿಕೆಯ ಆಸೆಗೆ ಒಡವೆ ಅಡವಿಡಬಾರದು ಎಂಬ ಒಂದು ವಿಷಯದಲ್ಲಿ ನಾನು ಸಲಹೆಯ ಮಿತಿ ಮೀರಿ, ಖಂಡಿತವಾಗಿಯೇ ಮಾತಾಡಿದೆ.

ತೆರೆದಿರುವ ಬಾಗಿಲುಗಳಲ್ಲಿ ಇವರಿಗೆ ಹೊಂದುವುದು ಸಿಎ (ಚಾರ್ಟರ್ಡ್ ಅಕೌಂಟೆನ್ಸಿ) ಎಂದು ನನಗೆ ತೋರಿತು. ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಬಹುದಿತ್ತು, ಆದರೆ ಮುಂಚೂಣಿಯ ಐಐಎಂಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳಿಗೂ ತೂಕ ಕೊಡುತ್ತವೆ, ಇವರ ಪಿಯುಸಿ ಅಂಕಗಳು ಸಾಧಾರಣವಾಗಿದ್ದವು. ಸಿಎ ಪರೀಕ್ಷೆಯಾದರೋ ಕಾಲೇಜಿನ ಹೆಸರು ಕೇಳುವುದಿಲ್ಲ. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಇದ್ದವರು ಮೊದಲ ಹಂತದ ಫೌಂಡೇಷನ್ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಿಕೊಳ್ಳಬಹುದು. 2023ರಲ್ಲಿ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಸಂಸ್ಥೆಯೊಂದರಲ್ಲಿ ಮಾಡಬೇಕಾದ ಕಡ್ಡಾಯ ಪ್ರಾಯೋಗಿಕ ತರಬೇತಿ) ಅವಧಿ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಎಚ್ಚರಿಕೆಯ ಮಾತೊಂದನ್ನೂ ಸೇರಿಸಿದೆ: ಇಲ್ಲಿ ಕಾಲೇಜಿನ ಜಾಗವನ್ನು ಆರ್ಟಿಕಲ್‌ಶಿಪ್ ಮಾಡಿದ ಸಂಸ್ಥೆ ಆಕ್ರಮಿಸುತ್ತದೆ, ಎಷ್ಟನೇ ಪ್ರಯತ್ನದಲ್ಲಿ ತೇರ್ಗಡೆಯಾದಿರಿ ಎಂದೂ ಕೇಳುತ್ತಾರೆ. ಆದ್ದರಿಂದ ಊರಿನ ಪರಿಚಿತರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬುತ್ತ ಎರಡು ವರ್ಷ ಕಳೆಯದೆ, ಲಿಸ್ಟೆಡ್ ಕಂಪನಿಗಳ ಆಡಿಟ್, ಮೌಲ್ಯಮಾಪನ, ಡ್ಯೂ ಡಿಲಿಜೆನ್ಸ್ (ವ್ಯವಹಾರಕ್ಕೆ ಮುನ್ನ ಕಂಪನಿಯ ಆಳವಾದ ಪರಿಶೀಲನೆ) ಮಾಡುವ ಬೆಂಗಳೂರಿನ ಸಂಸ್ಥೆಯನ್ನು ಹುಡುಕಬೇಕು. ಅಲ್ಲಿಂದ ಕಂಪನಿಗಳ ಕೊಳ್ಳುವಿಕೆ, ಮಾರಾಟಕ್ಕೆ ಸಲಹೆ ಕೊಡುವ ಟ್ರಾನ್ಸಾಕ್ಷನ್ ಅಡ್ವೈಸರಿ ತಂಡಕ್ಕೆ, ಇಲ್ಲವೆ ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಮತ್ತು ಎನ್‌ಎಸ್‌ಇಗಳು ಸಣ್ಣ, ಮಧ್ಯಮ ಕಂಪನಿಗಳಿಗಾಗಿ 2012ರಲ್ಲಿ ಆರಂಭಿಸಿದ ಎಸ್‌ಎಂಇ ವೇದಿಕೆಗಳಿಗೆ ಕಂಪನಿಗಳನ್ನು ತರುವ ಸಣ್ಣ ಮರ್ಚೆಂಟ್ ಬ್ಯಾಂಕರ್‌ಗಳಲ್ಲಿಗೆ (ಐಪಿಒ ನಿರ್ವಹಿಸುವವರು) ಹೋಗುವ ಹಾದಿ ಇದೆ.

ಕಾಯುವ ವರ್ಷಗಳಲ್ಲಿ ಏನು ಮಾಡಲಿ ಎಂದು ಅವರು ಕೇಳಿದರು. ಇನ್ನೊಂದು ಸರ್ಟಿಫಿಕೇಟ್‌ನ ಬದಲು ಒಂದು ಪ್ರಾಸ್ಪೆಕ್ಟಸ್, ಅಂದರೆ ಷೇರು ಮಾರುವ ಕಂಪನಿ ತನ್ನ ವಿವರಗಳನ್ನು ಪ್ರಕಟಿಸುವ ದಾಖಲೆ, ಓದಲು ಹೇಳಿದೆ. ಐಪಿಒಗೆ ಹೊರಟ ಕಂಪನಿಗಳ ಇಂಥ ದಾಖಲೆಗಳು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಿಜನ್ ಕುಕ್ಕರ್ ತಯಾರಿಸುವ ಬೆಂಗಳೂರಿನ ಸ್ಟವ್ ಕ್ರಾಫ್ಟ್ 2021ರ ಜನವರಿಯಲ್ಲಿ 385 ರೂಪಾಯಿ ಬೆಲೆಗೆ ಷೇರು ನೀಡಿತು. ಆ ಬೆಲೆಗೆ ಕೊಟ್ಟ ಸಮರ್ಥನೆಯೇನು, ಅದೇ ಹೊತ್ತಿನಲ್ಲಿ ಅದರ ಪೈಪೋಟಿ ಕಂಪನಿಗಳಾದ ಟಿಟಿಕೆ ಪ್ರೆಸ್ಟೀಜ್ ಮತ್ತು ಹಾಕಿನ್ಸ್ ಷೇರುಗಳು ಗಳಿಕೆಯ ಎಷ್ಟು ಪಟ್ಟು ಬೆಲೆಗೆ ವಹಿವಾಟಾಗುತ್ತಿದ್ದವು, ಸಂಗ್ರಹಿಸಿದ ಹಣ ಯಾವುದಕ್ಕೆ ಹೋಯಿತು ಎಂಬುದನ್ನು ಎಕ್ಸೆಲ್‌ನಲ್ಲಿ ಕಟ್ಟಿ, ತಮ್ಮ ಅಭಿಪ್ರಾಯವನ್ನು ಎರಡು ಪುಟದಲ್ಲಿ ಬರೆಯಬೇಕು. ಆರ್ಟಿಕಲ್‌ಶಿಪ್ ಸಂದರ್ಶನದಲ್ಲಿ ಆ ಎರಡು ಪುಟ ಮಾತಾಡುವಷ್ಟು ಕೋರ್ಸಿನ ಪ್ರಮಾಣಪತ್ರ ಮಾತಾಡುವುದಿಲ್ಲ ಎಂಬುದು ನನ್ನ ನಂಬಿಕೆ. ಅಲ್ಲಿಯವರೆಗೆ ಸುಮ್ಮನಿದ್ದ ತಂದೆ, ಹಾಕಿನ್ಸ್‌ನ ಬ್ಯಾಲೆನ್ಸ್ ಶೀಟ್ ಕನ್ನಡದಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಸಿಗುವುದಿಲ್ಲ, ಮಗನೇ ಓದಿ ನಿಮಗೆ ವಿವರಿಸಲಿ ಎಂದೆ. ಇಂಗ್ಲಿಷಿನ ಅಂಜಿಕೆಯಿದ್ದ ಆ ಯುವಕರಿಗೆ ಅದೇ ಒಳ್ಳೆಯ ಅಭ್ಯಾಸವೆನಿಸಿತು, ಏಕೆಂದರೆ ವಿಷಯವನ್ನು ತಂದೆಗೆ ತಿಳಿಯುವಂತೆ ಹೇಳಲು ಬಂದರೆ ಇಂಗ್ಲಿಷಿನಲ್ಲಿ ಹೇಳುವುದಕ್ಕೆ ಬೇಕಾಗುವುದು ಪದಗಳಷ್ಟೆ.

ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರನ್ನು ಮತ್ತೆ ಹಾಕಲು ಕೇಳಿಕೊಂಡೆ. ಮುಚ್ಚಿಟ್ಟದ್ದು ಸಂದರ್ಶನದಲ್ಲಿ ಹೊರಬಂದೇ ಬರುತ್ತದೆ, ಆಗ ಅನುಮಾನ ಬರುವುದು ಕಾಲೇಜಿನ ಮೇಲಲ್ಲ, ವ್ಯಕ್ತಿಯ ಮೇಲೆ. ಅವರು ಒಪ್ಪಿದರೂ ಅರೆಮನಸ್ಸಿನಿಂದಲೇ ಒಪ್ಪಿದರು.

ಉಳಿದದ್ದು ಹಣದ ಪ್ರಶ್ನೆ. ಆರ್ಟಿಕಲ್‌ಶಿಪ್‌ನ ಸ್ಟೈಪೆಂಡ್ ಬೆಂಗಳೂರಿನ ಪಿಜಿ ಬಾಡಿಗೆಗೆ ಸಾಲದಿರಬಹುದಾದ್ದರಿಂದ, ಕೋರ್ಸಿಗೆಂದು ಯೋಚಿಸಿದ್ದ ಮೊತ್ತವನ್ನು ಸಾಲ ಮಾಡದೆ ತಿಂಗಳು ತಿಂಗಳು ಕೂಡಿಡಲು ತಂದೆ ಒಪ್ಪಿದರು. ಇಂಟರ್‌ಮೀಡಿಯೆಟ್‌ನ ಪತ್ರಿಕೆಗಳ ಎರಡೂ ಗುಂಪು ಎರಡು ಪ್ರಯತ್ನಗಳಲ್ಲಿ ಮುಗಿಯದಿದ್ದರೆ ಮತ್ತೆ ಬಂದು ಈ ಯೋಜನೆಯನ್ನೇ ಮೊದಲಿನಿಂದ ಪರಿಶೀಲಿಸುವುದೆಂದು ಮೂವರೂ ನಿಗದಿಮಾಡಿಕೊಂಡೆವು.