ಉ: ಮಡಿಕೇರಿಯಿಂದ ಬೆಂಗಳೂರಿನ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂಗೆ ಹೋದಾಗ ಐದು ವರ್ಷದ ಮಗ ಅರ್ಧ ಗಂಟೆಗೇ ಅಳುತ್ತಾನೆ

ಬಹುಶಃ ಬೇಜಾರಲ್ಲ, ಸುಸ್ತು. 250 ಕಿಲೋಮೀಟರಿಗೂ ಜಾಸ್ತಿ ದಾರಿ, ಅದರಲ್ಲಿ ಘಾಟಿ ತಿರುವು ಬೇರೆ. ಬಸ್ ಇಳಿದು ನೇರ ಒಳಗೆ ಹೋದರೆ ಇನ್ನೇನಾಗುತ್ತೆ?

ಈ ಸಲ ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದು ಮಲಗಿಸಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಶಾಲೆ ಮಕ್ಕಳ ಗುಂಪು ಬಂದರೆ ಒಂದು ಗುಂಡಿ ಒತ್ತುವುದಕ್ಕೂ ಸರದಿ ನಿಲ್ಲಬೇಕು. ಎಲ್ಲ ಮಹಡಿ ನೋಡುವ ಆಸೆ ಬಿಡಿ. ಮೊದಲು ಮೋಜಿನ ವಿಜ್ಞಾನ ಗ್ಯಾಲರಿ, ಆಮೇಲೆ ಎಂಜಿನ್ ಹಾಲ್, ಸಾಕು. ತಲೆ ಆಡಿಸಿ ಗರ್ಜಿಸುವ ಡೈನೋಸಾರ್ ಹತ್ತಿರ ಮಾತ್ರ ಒತ್ತಾಯ ಬೇಡ. ನಮ್ಮ ಮಗಳು ಹೆದರಿ ನನ್ನ ಮೊಣಕಾಲು ಬಿಡಲೇ ಇಲ್ಲ. ವಾಪಸ್ ಬರುವಾಗ ತೋರಿಸಿ. ಸ್ವಲ್ಪ ಸುಧಾರಿಸಿಕೊಳ್ಳಲು ಪಕ್ಕದಲ್ಲೇ ಕಬ್ಬನ್ ಪಾರ್ಕ್ ಇದೆ.

ಅಷ್ಟು ದೂರ ಬೇಡವೆನಿಸಿದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಅಲ್ಲೂ ವಿಜ್ಞಾನ ಕೇಂದ್ರ, ತಾರಾಲಯ ಎರಡೂ ಇವೆ.